ಕಾರ್ಡಿಗೆ ಹಚ್ಚಿದ ಕುಂಕುಮ

ತುಂಗಭದ್ರೆಯ ದಂಡೆಯ ಮಠಕ್ಕೆ ಭಕ್ತರೊಬ್ಬರು ತಮ್ಮ ಮನೆಯ ಹಳೇ ಕಂಪ್ಯೂಟರನ್ನು ಕೊಟ್ಟು ಹೋಗಿದ್ದರು. ಪರದೆ ಬೇರೆ ಇಲ್ಲ, ಟೀವಿಗೇ ಸಿಕ್ಕಿಸಬೇಕು. "ಒಂದು ಕಾಲಕ್ಕೆ ಹಾಡ್ತಿತ್ತು ಬುದ್ಧಿ" ಅಂದಿದ್ದರು.

ಶಿಷ್ಯ ಮರುಳಸಿದ್ದನಿಗೆ ಅದರ ಮೇಲೆ ಜೀವ. ಹಾಡಿಸಿಯೇ ತೀರುತ್ತೇನೆ, ಊರ ಮಕ್ಕಳಿಗೆ ಕಲಿಸುತ್ತೇನೆ ಅಂತ ಹಟ ಹಿಡಿದ. ದಸರೆ ಹೋಯಿತು, ದೀಪಾವಳಿಯೂ ಬಂತು. ಅದು ತುಟಿ ಪಿಟಕ್ಕೆನ್ನಲಿಲ್ಲ.

ಗುರು ಚನ್ನವೀರಯ್ಯನವರು ಹೇಳಿದರು: "ನಾಳೆ ಗುಜರಿ ಗಾಡಿ ಬರುತ್ತೆ. ಅಷ್ಟರೊಳಗೆ ಹಾಡಿದರೆ ಇರಲಿ. ಇಲ್ಲದಿದ್ದರೆ ಜೋಳದ ಚೀಲಕ್ಕಾದರೂ ಜಾಗ ಆಗಲಿ."

ಮರುದಿನ ಮರುಳಸಿದ್ದ ಫ್ಲಾಪಿಗಳ ರಾಶಿಯ ನಡುವೆ ಅಳುಮೋರೆ ಹಾಕಿಕೊಂಡು ಕೂತಿದ್ದ.

"ಬುದ್ಧಿ, ಇದರ ಹಿಂದೆ ಎರಡು ಕಾರ್ಡು ಸಿಕ್ಕಿಸಿದ್ದಾರೆ. ಒಂದು ಫ್ಲಾಪಿ ಓದೋದು. ಹಾಡೋದು ಇನ್ನೊಂದೇ ಇರಬೇಕು, ಅದಕ್ಕೆ ತಕ್ಕ ಸಾಫ್ಟ್‌ವೇರೇ ಸಿಗ್ತಿಲ್ಲ. ದಾವಣಗೆರೆ, ಹುಬ್ಬಳ್ಳಿ, ಎಲ್ಲೆಲ್ಲಿಂದಲೋ ಫ್ಲಾಪಿ ತರಿಸಿದೆ."

"ಆ ಇನ್ನೊಂದು ಯಾವ ಕಾರ್ಡು?"

"ಅದು ಗೊತ್ತಿಲ್ಲ ಬುದ್ಧಿ."

ಗುರುಗಳು ಹೊಟ್ಟೆ ಕುಣಿಯುವಂತೆ ನಕ್ಕರು. "ಗಂಡು ಯಾರು ಅಂತಲೇ ಗೊತ್ತಿಲ್ಲದೆ ಊರೂರು ತಿರುಗಿ ಹೆಣ್ಣು ನೋಡ್ತಿದ್ದೀಯಲ್ಲೋ! ಎಲ್ಲಿ, ತಾ ನೋಡೋಣ."

ಮರುಳಸಿದ್ದ ಕಾರ್ಡನ್ನು ಬಿಚ್ಚಿ ಕಣ್ಣಿಗೊತ್ತಿಕೊಂಡು ಕೊಟ್ಟ. ಆಯುಧಪೂಜೆಯ ದಿನ ಅದಕ್ಕೆ ಗಂಧ ಕುಂಕುಮ ಮೆತ್ತಿದ್ದ. ಕರೀ ಚಿಪ್ಪುಗಳೆಲ್ಲ ಕೆಂಪಗಾಗಿದ್ದವು.

ಗುರುಗಳು ಶಲ್ಯದ ಚುಂಗು ನೀರಿಗದ್ದಿ, ಹಿಂಡಿ, ಗಸಗಸ ಒರೆಸತೊಡಗಿದರು.

"ಅಯ್ಯಯ್ಯೋ ಬುದ್ಧಿ! ಪೂಜೆ ಮಾಡಿದ್ದು ಅದು!"

ಕೇಳಿಸಿಕೊಂಡರೆ ತಾನೆ! ಒರೆಸಿ ಬಿಸಿಲಿಗೆ ಹಿಡಿದರು. ದೊಡ್ಡ ಚಿಪ್ಪಿನ ಮೇಲೆ ಬಿಳೀ ಅಂಕಿಗಳು ಕಂಡವು.

ಮರುಳಸಿದ್ದ ಬಗ್ಗಿ ನೋಡಿದ. ಅರೆ, ಈ ನಂಬರು ಎಲ್ಲೋ ನೋಡಿದ ಹಾಗಿದೆಯಲ್ಲ! ರಾಶಿಗೆ ಕೈ ಹಾಕಿ ಕೆದಕಿದ. ಕಂಪ್ಯೂಟರಿನ ಜೊತೆಗೇ ಬಂದಿದ್ದ ಒಂದು ಫ್ಲಾಪಿ ಸಿಕ್ಕಿತು, ಅದರ ಮೇಲೂ ಅದೇ ನಂಬರು. ಚೀಟಿಯ ಮೇಲೆ ಬರೀ ಅಂಕಿ ಇದ್ದದ್ದು ನೋಡಿ, ಯಾರದೋ ಫೋನ್ ನಂಬರಿರಬೇಕು ಅಂತ ಮೊದಲ ದಿನವೇ ಅದನ್ನು ಹಾಕಿ ನೋಡದೆ ಪಕ್ಕಕ್ಕೆ ಎಸೆದಿದ್ದ.

ಕಾರ್ಡು ಒಣಗುವ ಹೊತ್ತಿಗೆ ಗುಜರಿಯ ಮಾಬುಸಾಬ್ ಬಂದು ಬಾಗಿಲಲ್ಲಿ ನಿಂತಿದ್ದ. ಮರುಳಸಿದ್ದ ಲಗುಬಗೆಯಿಂದ ಕಾರ್ಡು ಸಿಕ್ಕಿಸಿ ಫ್ಲಾಪಿ ತೂರಿಸಿದ.

ಟೀವಿ ಒಮ್ಮೆ ಕುಂಯ್ ಅಂದಿತು. ಆಮೇಲೆ ಪುಂಗಿ ಊದಿದಂತೆ ಒಂದು ರಾಗ ಹೊರಟಿತು.

ಮಾಬುಸಾಬ್ ತಲೆದೂಗಿದ. "ಇದಕ್ಕಿನ್ನೂ ಜೀವ ಐತ್ರೀ. ನಾ ಒಯ್ಯಂಗಿಲ್ಲ" ಅಂತ ಬರೀ ಗಾಡಿ ತಳ್ಳಿಕೊಂಡು ಹೋದ.

ಮರುಳಸಿದ್ದನಿಗೆ ಖುಷಿಗೆ ಕಣ್ಣೀರೇ ಬಂತು. ಗುರುಗಳ ಕಾಲಿಗೆ ಬಿದ್ದ.

"ಕುಂಕುಮದ ಕೆಳಗೆ ಅದರ ಗುರುತು ಇದೆ ಅಂತ ತಮಗೆ ಹೇಗೆ ತಿಳೀತು ಬುದ್ಧಿ?"

"ನನಗೆಲ್ಲಿ ತಿಳೀಬೇಕೋ! ಅದರ ಮುಖ ನೋಡೋಣ ಅಂತ ಒರೆಸಿದೆ, ಅಷ್ಟೆ."