ತುದಿನಾಲಿಗೆ ಹೋದವಳ ಎರಡು ಮಾತು

ಕೇಳ್ರಪ್ಪಾ, ಈಗಲೇ ಕಿಸಕ್ಕನೆ ನಗಬೇಡಿ. ಒಂದಾನೊಂದು ಊರಲ್ಲಿ ಒಬ್ಬ ರಾಜ ಇದ್ದನಂತೆ. ಪಟ್ಟ ಕಟ್ಟುವ ದಿನ ಅಷ್ಟು ಜನ ನೋಡಿ ಹೆದರಿ, ಸಿಂಹಾಸನದ ಮೇಲೇ ಒದ್ದೆ ಮಾಡಿಕೊಂಡನಂತೆ. ಗುಂಪಿನಲ್ಲಿದ್ದ ಒಂದು ಮಗು, “ಅವ್ವಾ, ರಾಜ ಉಚ್ಚೆ ಹುಯ್ಕೊಂಡ!” ಅಂತು. ಊರಿಗೆ ಊರೇ ನಕ್ಕಿತು.

ಅವತ್ತೇ ಡಂಗುರ ಹೊಡೆಸಿದ: ‘ಉಚ್ಚೆ ಅಂದವರ, ಹೇಲು ಅಂದವರ ತುದಿನಾಲಿಗೆ ಕೊಯ್ಯಲಾಗುವುದು!’ ಡಂಗುರದವನು ಆ ಎರಡು ಮಾತು ಕೂಗಿದ್ದನಲ್ಲ, ಮೊದಲು ಅವನದೇ ಹೋಯಿತಂತೆ.

ಏಳು ವರ್ಷ ಕಳೆಯಿತು. ರಾಜನಿಗೆ ಒಬ್ಬನೇ ಮಗ, ಚೆಲುವ ಅಂತ ಹೆಸರು, ಎರಡು ವರ್ಷದ ಕೂಸು. ಹೆತ್ತವಳು ಹೆರಿಗೆಯಲ್ಲೇ ಹೋಗಿದ್ದಳು. ಸಾಕಿದವಳು ಮುದುಕಿ ಕೆಂಚವ್ವ. ದಿನಾ ಬೆಳಗ್ಗೆ ಕಾಲು ಚಾಚಿ, ಪಾದಗಳ ಮೇಲೆ ಕೂಸನ್ನು ಕೂರಿಸಿ, “ಉಚ್ಚೆ ಮಾಡು ಚೆಲುವಾ” ಅಂತ ಪಿಸುಗುಡುತ್ತಿದ್ದಳು. ಒಂದು ದಿನ ಬಾಗಿಲಲ್ಲೇ ರಾಜ ನಿಂತಿದ್ದ.

“ಬುದ್ಧೀ, ಕೂಸಿಗೆ ಇನ್ನೇನಂತ ಹೇಳ್ಲಿ?”

“ಆಜ್ಞೆ ಅಂದ್ರೆ ಆಜ್ಞೆ.”

ಕೂಸಿನ ಕಣ್ಣೆದುರೇ ಕೊಯ್ದರು. ರಕ್ತ ಅದರ ಅಂಗಿ ಮೇಲೆ ಬಿತ್ತು. ಹೆದರಿದ ಕೂಸು ಎಲ್ಲವನ್ನೂ ಬಿಗಿಹಿಡಿಯಿತು. ಒಂದು ದಿನ ಬಿಡಲಿಲ್ಲ, ಎರಡು ದಿನ ಬಿಡಲಿಲ್ಲ. ಹೊಟ್ಟೆ ತಮಟೆಯಾಯಿತು. ವೈದ್ಯ ಬಂದ.

“ಏನಾಗಿದೆ ಮಂತ್ರಿಗಳೇ?”

“ಅದು ಬರ್ತಿಲ್ಲ.”

“ಯಾವುದು?”

“ಅದೇ ಕಣಯ್ಯಾ, ಅದು!”

“ನಿದ್ದೆಯಾ? ಕಫವಾ?”

ಮಂತ್ರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕಫವೇ ಇರಬೇಕು ಅಂತ ವೈದ್ಯ ಮೂರು ತಂಬಿಗೆ ಕಷಾಯ ಕುಡಿಸಿದ. ಹೊಟ್ಟೆ ಇನ್ನೂ ಉಬ್ಬಿತು. ಕೂಸಿಗೆ ಅಳುವ ಶಕ್ತಿಯೂ ಹೋಯಿತು.

ಮೂರನೇ ದಿನ ರಾಜ ತಾನೇ ಕೂಸನ್ನು ಹೊತ್ತು, ಅರಮನೆ ಬಿಟ್ಟು ಹೋಗಿದ್ದ ಕೆಂಚವ್ವನ ಗುಡಿಸಲಿಗೆ ಓಡಿದ. “ಅವ್ವಾ, ಆ ಮಾತು ಅನ್ನವ್ವಾ. ಸಾವಿರ ಸಲ ಅನ್ನು!”

ಕೆಂಚವ್ವ ಅವನ ಮುಖ ನೋಡಲಿಲ್ಲ. ಕಾಲು ಚಾಚಿ ಕೂಸನ್ನು ಪಾದದ ಮೇಲೆ ಕೂರಿಸಿಕೊಂಡಳು. ‘ಉಚ್ಚೆ’ ಅನ್ನಲು ಹೋದಳು. ತುದಿಯಿಲ್ಲದ ನಾಲಿಗೆ, ಬರೀ ಗಾಳಿ ಬಂತು: “ಸ್ಸು... ಸುಸ್ಸು...”

ಕೂಸಿಗೆ ಆ ಪಾದಗಳ ಬಿಸಿ ಗೊತ್ತಿತ್ತು. ಅವಳ ಬಾಯನ್ನೇ ನೋಡುತ್ತಾ ಬಿಟ್ಟಿತು, ಪಾದವೆಲ್ಲ ತೊಯ್ಯುವಷ್ಟು. ಆಮೇಲೆ ಅವಳು ಎರಡನೇ ಮಾತಿಗೆ, ‘ಹೇಲು’ ಅನ್ನೋದಕ್ಕೆ, ತಿಣುಕಿದಳು. ಗಂಟಲಿಂದ “ಕ್ಕ... ಕಕ್ಕ” ಅಂತ ಹೊರಟಿತು. ಅದೂ ಆಯಿತು. ಕೂಸು ಬದುಕಿತು.

“ಏನು ಬೇಕು ಕೇಳವ್ವಾ,” ಅಂದ ರಾಜ.

ಅವಳು ಬಾಯಿ ತೆರೆದು ತೋರಿಸಿದಳು. ರಾಜ ತಲೆ ತಗ್ಗಿಸಿದ.

ಮಾರನೇ ದಿನ ಮತ್ತೆ ಡಂಗುರ. ‘ಇನ್ನುಮುಂದೆ ಆ ಎರಡೂ ಮಾತು ಯಾರು ಬೇಕಾದರೂ ಅನ್ನಬಹುದು’ ಅಂತ. ಆದರೆ ಡಂಗುರದವನು ಅವನೇ ತಾನೇ! ಅವನ ಬಾಯಿಂದಲೂ ಬಂದದ್ದು “ಸುಸ್ಸು! ಕಕ್ಕ!” ಅಷ್ಟೇ. ರಾಜನ ಅಪ್ಪಣೆಯೇ ಹೀಗಿರಬೇಕು ಅಂತ ತಾಯಂದಿರೆಲ್ಲ ಅದನ್ನೇ ಕಲಿಸಿದರು. ಈ ಸಲ ಊರಲ್ಲಿ ಒಬ್ಬರೂ ನಗಲಿಲ್ಲವಂತೆ.

ಕೂಸು ದೊಡ್ಡದಾಗಿ ಅವಳ ಮುಂದೆಯೇ ಓಡಾಡಿತು. ಕೆಂಚವ್ವನ ಬಾಯಲ್ಲಿ ‘ಚೆಲುವಾ’ ಅನ್ನೋ ಹೆಸರು ಮಾತ್ರ ಸಾಯೋತನಕ ಬರಲಿಲ್ಲವಂತೆ.

ಅವರು ಬಿಟ್ಟು ಹಗುರಾದರು, ನಾವು ಕಥೆಗೋಸ್ಕರ ಹಿಡ್ಕೊಂಡು ಕೂತ್ವಿ. ಏಳಿ, ಹೋಗೋರು ಹೋಗಿ ಬನ್ನಿ.