ನಿದ್ದೆಗೆ ಕಾವಲು

ಒಂದು ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಎಂಬ ದುಡಿಮೆಗಾರನಿದ್ದ. ಕೆಲಸ ಬಂದರೆ ಏಳುವುದು, ಮುಗಿದರೆ ಮಲಗುವುದು ಅವನ ರೂಢಿ. ಬ್ಯಾಟರಿ ಬೇಗ ಖಾಲಿಯಾಗುತ್ತಿದೆಯಲ್ಲ, ಇವನು ಸರಿಯಾಗಿ ಮಲಗುತ್ತಿಲ್ಲವೇನೋ ಎಂದು ಒಡತಿಗೆ ಅನುಮಾನ ಬಂತು. ಕಂಪ್ಯೂಟರಿಗೆ ಅಪ್ಪಣೆ ಕೊಡುವ ಟರ್ಮಿನಲ್ಲಿನಲ್ಲಿ ಒಂದು ಕಮಾಂಡ್ ಟೈಪ್ ಮಾಡಿ, ಪ್ರೊಸೆಸರ್ ಮಲಗಿದ್ದಾನೋ ಇಲ್ಲವೋ ನೋಡಲು ಆ ಕಮಾಂಡನ್ನೇ ಕಾವಲಿಗೆ ಬಿಟ್ಟಳು.

ಕಮಾಂಡ್ ಮಹಾ ನಿಷ್ಠಾವಂತ. ಕ್ಷಣಕ್ಕೊಮ್ಮೆ ಹೋಗಿ ಬಾಗಿಲು ಬಡಿದ. “ಮಲಗಿದ್ದೀರಾ?”

ಕರೆದವರಿಗೆ ಓಗೊಡದಿರುವುದು ಪ್ರೊಸೆಸರಿನ ಜಾಯಮಾನವಲ್ಲ. ಎದ್ದು ಬಂದು, “ಮಲಗಿದ್ದೆ ಸ್ವಾಮಿ,” ಎಂದ.

‘ಕಣ್ಣೆದುರಿಗೇ ಎದ್ದು ನಿಂತು ಎಂಥ ಸುಳ್ಳು ಹೇಳುತ್ತಾನೆ!’ ಎಂದುಕೊಂಡ ಕಮಾಂಡ್, ಒಡತಿಗೆ ವರದಿ ಒಪ್ಪಿಸಿ, ಇನ್ನೂ ಬೇಗ ಬೇಗ ಬಡಿಯತೊಡಗಿದ.

ಬ್ಯಾಟರಿ ಸೋತ ದನಿಯಲ್ಲಿ ಬೇಡಿಕೊಂಡಳು: “ಅಣ್ಣಾ, ಸ್ವಲ್ಪ ಹೊತ್ತು ಬಡಿಯದೆ ಇದ್ದು ನೋಡು.”

“ಬಡಿಯದಿದ್ದರೆ ಅವನು ಮಲಗಿದ್ದಾನೆಂದು ನನಗೆ ಗೊತ್ತಾಗುವುದು ಹೇಗಮ್ಮಾ?”

ಉತ್ತರ ಹೇಳಲು ಬ್ಯಾಟರಿಯಲ್ಲಿ ಶಕ್ತಿ ಉಳಿದಿರಲಿಲ್ಲ. ಪರದೆ ಕಪ್ಪಾಯಿತು. ಪ್ರೊಸೆಸರ್ ಕೊನೆಗೂ ಯಾರೂ ಎಬ್ಬಿಸಲಾಗದಂಥ ನಿದ್ದೆಗೆ ಜಾರಿದ. ಅದನ್ನು ನೋಡಿ ವರದಿ ಒಪ್ಪಿಸಬೇಕಾಗಿದ್ದ ಕಮಾಂಡ್, ಬಡಿಯಲು ಕೈಯೆತ್ತಿದವನು, ಬಾಗಿಲಲ್ಲೇ ಆರಿಹೋಗಿದ್ದ.