ಲಾಳಿ ಬ್ಯಾಂಡಿನ ದುಂಡಪ್ಪ

ಬಹಳ ಹಿಂದೆ, ಮಗ್ಗಗಳು ಕೈಬಿಟ್ಟು ಕರೆಂಟು ಹಿಡಿದು ಒಂದಿಷ್ಟು ವರ್ಷವಾಗಿದ್ದಾಗ, ಹೊಳೆದಂಡೆಯ ಒಂದು ಊರಿನಲ್ಲಿ ದುಂಡಪ್ಪ ಎಂಬ ನೇಕಾರನಿದ್ದನಂತೆ. ಇಸವಿ ಕೇಳಬೇಡಿ. ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಹೇಳುವವರೆಲ್ಲ ಆಣೆ ಮಾಡಿಯೇ ಹೇಳುತ್ತಾರೆ.

ಆ ಊರಲ್ಲಿ ಹೊತ್ತು ಮೂಡಿದಾಗಿನಿಂದ ಮಗ್ಗದ ಸದ್ದು. ಗೋಡೆಗೂ ಕಿವಿಯಿರುತ್ತದೆ ಅಂತಾರಲ್ಲ, ಆ ಊರಲ್ಲಿ ಗೋಡೆಗಷ್ಟೇ ಇತ್ತು ಅನ್ನಿ. ಜನ ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಅತ್ತೆ ಈಚೆ ಬಾಗಿಲಲ್ಲಿ ನಿಂತು ಸದ್ದಿಲ್ಲದೆ ಬೈದರೆ, ಸೊಸೆ ಆಚೆ ಬಾಗಿಲಲ್ಲಿ ನಿಂತು ಸದ್ದಿಲ್ಲದೆ ತಿರುಗಿ ಬೈಯುತ್ತಿದ್ದಳಂತೆ. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದರೆ ಜಗಳ ಇನ್ನೂ ಜೋರಾಗುತ್ತಿತ್ತು, ಏನು ಬೈದಳೋ ತಿಳಿಯಲಿಲ್ಲವಲ್ಲ ಎಂದು.

ದುಂಡಪ್ಪನ ಓಣಿಯಲ್ಲೇ ಗೈಬು ಇದ್ದ. ಮಗ್ಗದ ಮೋಟರು ರಿಪೇರಿ ಅವನ ಕಸುಬು. ರೇಡಿಯೋದಲ್ಲಿ ಎಲ್ಲೋ ದೂರದ ದೇಶದ ರಾಕ್ ಸಂಗೀತ ಕೇಳಿ ತಲೆ ಕೆಡಿಸಿಕೊಂಡವನು, ಮಿರಜಿನ ಸಂತೆಯಲ್ಲಿ ಹಳೆಯದೊಂದು ಗಿಟಾರು ತಂದ. ನೂಲಿನ ಕಂಡಿಕೆ ಸುತ್ತುವ ಕಸ್ತೂರವ್ವನಿಗೆ ಹತ್ತು ಮಗ್ಗದ ಸದ್ದು ಸೀಳಿ ಬರುವಂಥ ಗಂಟಲಿತ್ತು. ದುಂಡಪ್ಪ ಬಣ್ಣದ ಖಾಲಿ ಡ್ರಮ್ಮುಗಳನ್ನು ಬೋರಲು ಹಾಕಿ, ಮುರಿದ ಮಗ್ಗದ ಕೋಲು ಕೆತ್ತಿ, ಬಾರಿಸಲು ಕೂತ. ಮೂವರೂ ಸೇರಿ, ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿಯನ್ನೇ ನೆನೆದು, ಲಾಳಿ ಬ್ಯಾಂಡು ಅಂತ ಹೆಸರಿಟ್ಟರು. ಬ್ಯಾಂಡು ಅಂದದ್ದೇ ತಪ್ಪಾಯಿತು, ಹೆಣ್ಣು ಹೆತ್ತವರೆಲ್ಲ ಬಂದು ಮದುವೆಗೆ ಎಷ್ಟು ಜನ ಬರುತ್ತೀರಿ, ಕೆಂಪು ಕೋಟು ನಿಮ್ಮದೋ ನಮ್ಮದೋ ಎಂದು ಕೇಳಿ ಹೋದರಂತೆ.

ಅಭ್ಯಾಸ ಮಗ್ಗದ ಕೋಣೆಯಲ್ಲೇ, ಮಗ್ಗ ಓಡುವಾಗಲೇ. ದುಂಡಪ್ಪ ಬರಿಗಾಲಲ್ಲಿ ನೆಲಕ್ಕೆ ಹಾಸಿದ ಫರಸಿ ಕಲ್ಲಿನ ಮೇಲೆ ಕೂರುತ್ತಿದ್ದ. ಅವನಷ್ಟು ಕರಾರುವಾಕ್ಕಾಗಿ ತಾಳ ಹಿಡಿಯುವವನು ಏಳು ಹಳ್ಳಿಯಲ್ಲಿರಲಿಲ್ಲ ಅಂತಾರೆ. ಆದರೆ ಅವನಿಗೊಂದು ಗುಟ್ಟಿತ್ತು. ಹದಿನೈದು ವರ್ಷದ ಮಗ್ಗದ ಸದ್ದು ಅವನ ಎರಡೂ ಕಿವಿಗಳನ್ನು ತಿಂದಿತ್ತು. ನೆಲದ ನಡುಕ ಅಂಗಾಲಿಗೆ ಬರುತ್ತಿತ್ತು, ಅದನ್ನೇ ಹಿಡಿದು ಅವನು ಬಾರಿಸುತ್ತಿದ್ದ, ಉಳಿದವರು ಅವನನ್ನು ಹಿಡಿದು ಸಾಗುತ್ತಿದ್ದರು. ಎಲ್ಲರೂ ತುಟಿ ನೋಡಿ ಮಾತಾಡುವ ಊರಲ್ಲಿ ಕಿವುಡ ಯಾರು ಅಂತ ಹೇಗೆ ತಿಳಿಯಬೇಕು? ತಿಳಿದರೆ ಡ್ರಮ್ಮು ಕೈಬಿಡುತ್ತದೆ ಎಂದು ಅವನು ಹೆಂಡತಿಗೂ ಹೇಳಿರಲಿಲ್ಲ. ಆ ಡ್ರಮ್ಮು ಬಿಟ್ಟರೆ ಅವನಿಗೆ ತನ್ನದು ಅಂತ ಬೇರೇನೂ ಇರಲಿಲ್ಲ.

ಒಂದು ದಿನ ಜಿಲ್ಲೆಯ ದೊಡ್ಡ ಊರಿನಲ್ಲಿ ಹಾಡಿನ ಸ್ಪರ್ಧೆ ಏರ್ಪಟ್ಟಿತು. ಮೂವರೂ ಹೋದರು. ವೇದಿಕೆಗೆ ದಪ್ಪ ಜಮಖಾನೆ ಹಾಸಿದ್ದರು, ಅದನ್ನು ನೇದವರೂ ನಮ್ಮ ಕಡೆಯ ನೇಕಾರರೇ ಅಂತಾರೆ. ದುಂಡಪ್ಪ ಚಪ್ಪಲಿ ಬಿಟ್ಟು ಕೂತ. ಅಲ್ಲಿ ಮಗ್ಗವಿರಲಿಲ್ಲ, ಜಮಖಾನೆ ದಾಟಿ ಅಂಗಾಲಿಗೆ ಏನೂ ಬರಲಿಲ್ಲ. ಗೈಬು ಶುರು ಮಾಡಿದ್ದು ಅವನ ಬೆರಳಿಂದ ಗೊತ್ತಾಯಿತು, ಆಮೇಲೆ ತಾನೇ ಅಂದಾಜಿನಲ್ಲಿ ತಲೆತಗ್ಗಿಸಿ ಬಾರಿಸಿದ. ಹಾಡು ಒಂದು ದಾರಿ, ತಾಳ ಒಂದು ದಾರಿ. ಹಾಡು ಮುಗಿಯಿತು. ದುಂಡಪ್ಪ ಮಾತ್ರ ಬಾರಿಸುತ್ತಲೇ ಇದ್ದ. ಜನ ಬಿದ್ದು ಬಿದ್ದು ನಕ್ಕರು, ಅವನು ಬಾರಿಸುತ್ತಲೇ ಇದ್ದ. ಕೊನೆಗೆ ಕಸ್ತೂರವ್ವ ಬಂದು ಡ್ರಮ್ಮಿನ ಮೇಲೆ ಅಂಗೈ ಇಟ್ಟಳು. ಆಗ ಅವನು ತಲೆಯೆತ್ತಿದ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಎದುರಿಗೆ ಕೂತು, ದನಿ ತೆಗೆಯದೆ, ತುಟಿಯಲ್ಲೇ ಕೇಳಿದಳಂತೆ.

"ಯಾವಾಗಿಂದ ಅಣ್ಣಾ?"

"ಎರಡ್ ವರ್ಷಾತು ತಂಗಿ," ಅಂದನಂತೆ ದುಂಡಪ್ಪ.

ಮರುದಿನ ಅವನು ಕೋಲುಗಳನ್ನು ಗೈಬುವಿನ ಮನೆಗೆ ಕಳಿಸಿಬಿಟ್ಟ. ಗೈಬು ಒಳ್ಳೆಯವನೇ, ಆದರೂ ಮದುವೆ ಬ್ಯಾಂಡಿನ ಡೋಲಿನವನನ್ನು ಕರೆತರುವ ಮಾತೆತ್ತಿದ. ಒಬ್ಬನಿಗಾಗಿ ಹಾಡು ಸಾಯಬೇಕೇ ಎಂಬುದು ಅವನ ವಾದ. ದುಂಡಪ್ಪನಿಲ್ಲದೆ ತಾನು ಬಾಯೇ ತೆರೆಯುವುದಿಲ್ಲ ಎಂದಳು ಕಸ್ತೂರವ್ವ. ಅಷ್ಟಕ್ಕೇ ನಿಲ್ಲದೆ, ದುಂಡಪ್ಪನ ಅಂಗಾಲಿಗೆ ನೆಲದ ನಡುಕ ಬೇಕು, ಬರುವ ಅಮಾವಾಸ್ಯೆಗೆ ಓಣಿಯ ಮಗ್ಗವೆಲ್ಲ ಓಡಿಸಿಕೊಡಿ ಎಂದು ಮನೆಮನೆಗೆ ಹೋಗಿ ಕೇಳಿದಳು.

ಕೇಳಿದ್ದು ಸಣ್ಣದಲ್ಲ. ಅಮಾವಾಸ್ಯೆ ಮಗ್ಗಕ್ಕೆ ರಜೆ. ಅವತ್ತು ನೇದವನ ಮನೆಯಲ್ಲಿ ಅನ್ನ ಹುಟ್ಟದು ಎಂಬ ನಂಬಿಕೆ. ಉಳಿದ ದಿನ ಮಗ್ಗ ಬಿಟ್ಟು ಹಾಡು ನೋಡಲು ಯಾರಿಗೆ ಪುರುಸೊತ್ತು? ಓಣಿಯ ಹಿರಿಯ ಶಿದ್ರಾಮಪ್ಪನ ಹತ್ತಿರ ಪಂಚಾಯಿತಿ ಸೇರಿತು. ಮುದುಕ ಎಲೆಯಡಿಕೆ ಜಗಿದು ಮುಗಿಸಿ, ಆಮೇಲೆ ಹೇಳಿದನಂತೆ.

"ನೂಲಿಲ್ಲದ ಮಗ್ಗ ಓಡಿಸಿದ್ರ ಅದು ದುಡಿಮಿ ಹೆಂಗಾಗ್ತೈತಿ? ಆಟ ಆಗ್ತೈತಿ. ಆಟಕ್ಕೇನ್ ಅಮಾಸಿ?"

ಗೈಬುವಿಗೆ ನಾಚಿಕೆಯಾಗಿರಬೇಕು. ಮೂರು ದಿನ ಊಟ ಮರೆತು, ಪ್ರತಿ ಮಗ್ಗದ ಬೆಲ್ಟು ಬಿಚ್ಚಿ ಕಟ್ಟಿ, ಓಣಿಯ ಮಗ್ಗವೆಲ್ಲ ಒಂದೇ ತಾಳಕ್ಕೆ ಬಡಿಯುವಂತೆ ಮಾಡಿದನಂತೆ. ಹಾಗೆ ಮಾಡಲು ಆಗುವುದೇ ಇಲ್ಲ ಎಂದು ಬಲ್ಲವರು ಹೇಳುತ್ತಾರೆ. ನಲವತ್ತು ಮಗ್ಗ ಅಂತಾರೆ, ನಾನೂರು ಅಂತಾರೆ. ನನಗೆ ಹದಿನೆಂಟಿದ್ದರೆ ಹೆಚ್ಚು ಅನ್ನಿಸುತ್ತದೆ.

ಅಮಾವಾಸ್ಯೆಯ ಸಂಜೆ, ಇನ್ನೂ ಬಿಸಿಲಿರುವಾಗ, ನೂಲು ತೆಗೆದ ಮಗ್ಗಗಳು ಓಡತೊಡಗಿದವು. ದುಂಡಪ್ಪ ಬರುವುದಿಲ್ಲ ಎಂದು ಹಟ ಹಿಡಿದು ಮನೆಯೊಳಗೆ ಕೂತಿದ್ದ. ನೆಲ ನಡುಗಿತು. ಅವನು ಎದ್ದು, ಬರಿಗಾಲಲ್ಲೇ ಹೊರಗೆ ಬಂದು, ಗೈಬು ಚಾಚಿದ ಕೋಲುಗಳನ್ನು ತೆಗೆದುಕೊಂಡ.

ಆ ಸದ್ದಿನಲ್ಲಿ ಗಿಟಾರು ಯಾರಿಗೂ ಕೇಳಲಿಲ್ಲ. ಕಸ್ತೂರವ್ವನ ಗಂಟಲೂ ಸೋತಿತು. ಆದರೆ ಓಣಿಯೆಲ್ಲ ಅವಳ ತುಟಿ ನೋಡುತ್ತ ನಿಂತಿತ್ತು. ಹೋದ ಲಾಳಿ ಹೊಳ್ಳಿ ಬರತೈತಿ, ಹೋದಾಂವ ಎಲ್ಲಿ ಅದಾನ, ಎಂಬ ಸಾಲು ಬಂದಾಗ ಅತ್ತೆ ಸೊಸೆ ಇಬ್ಬರೂ ಅತ್ತರು. ನೂಲು ಮಾರಲು ಬಂದಿದ್ದ ಪರವೂರಿನವನೊಬ್ಬ ಇದನ್ನು ಕಂಡು, ಈ ಊರಿಗೆ ಹುಚ್ಚು ಹಿಡಿದಿದೆ ಎಂದು ಗಂಟು ಕಟ್ಟಿ ಹೋದನಂತೆ. ಈ ಸಲ ದುಂಡಪ್ಪ ತಲೆತಗ್ಗಿಸಲಿಲ್ಲ. ಅವನೂ ಎಲ್ಲರ ಹಾಗೆ ಅವಳ ತುಟಿಯನ್ನೇ ನೋಡುತ್ತಿದ್ದ. ಅವಳು ಬಾಯಿ ಮುಚ್ಚಿದ ಕ್ಷಣಕ್ಕೆ ಅವನ ಕೋಲೂ ನಿಂತಿತು.

ಲಾಳಿ ಬ್ಯಾಂಡು ಬದುಕಿದ್ದು ಹನ್ನೊಂದು ತಿಂಗಳು. ಆ ಸಂಜೆಯ ಮೇಲೆ ಅದು ಬಾರಿಸಲಿಲ್ಲ. ತನಗಾಗಿ ಮಗ್ಗ ಓಡಿಸುವ ಊರು ಇನ್ನೊಂದಿಲ್ಲ, ಇಷ್ಟು ಸಾಕು ಎಂದನಂತೆ ದುಂಡಪ್ಪ. ಕಸ್ತೂರವ್ವ ಮದುವೆಯಾಗಿ ಹೊಳೆಯಾಚೆ ಹೋದಳು. ಗೈಬುವಿನ ಗಿಟಾರಿಗೆ ಗೆದ್ದಲು ಹಿಡಿಯಿತು. ದುಂಡಪ್ಪ ಕೊನೆಯ ತನಕ ನೇದ.

ಈಗಲೂ ಆ ಓಣಿಯಲ್ಲಿ ಅಮಾವಾಸ್ಯೆಯ ಸಂಜೆ ಮಗ್ಗಗಳಿಂದ ನೂಲು ತೆಗೆದು, ಒಂದು ಹಾಡಿನಷ್ಟು ಹೊತ್ತು ಬರಿದೇ ಓಡಿಸುತ್ತಾರೆ. ಚಪ್ಪಲಿ ಬಿಟ್ಟು ಬಾಗಿಲಿಗೆ ಬಂದು ನಿಂತು, ಎದುರುಮನೆಯವರ ಮುಖ ನೋಡುತ್ತ ಸದ್ದಿಲ್ಲದೆ ತುಟಿ ಆಡಿಸುತ್ತಾರೆ. ಹೊಸದಾಗಿ ಬಂದ ಸೊಸೆಗೆ ಮೊದಲು ಕಲಿಸುವುದು ಆ ಹಾಡಿನ ಮಾತು. ಅದರ ರಾಗ ಹೇಗಿತ್ತೆಂದು ಅವಳು ಕೇಳಿದರೆ ಅತ್ತೆ ನಗುತ್ತಾಳೆ, ರಾಗ ಆ ಊರಲ್ಲಿ ಯಾರಿಗೂ ಗೊತ್ತಿಲ್ಲ.